ಹದಿನಾಲ್ಕು ಪುಟದ ರಿಪೋರ್ಟು, ಓದುವವರು ಯಾರು?

ಪ್ರಶ್ನೆ: ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಎರಡು ವರ್ಷದಿಂದ ಮನಶ್ಶಾಸ್ತ್ರಜ್ಞೆಯಾಗಿದ್ದೇನೆ. ಒಂದು ಮಗುವಿನ ಅಸೆಸ್‌ಮೆಂಟ್ ಮುಗಿಸಿ ರಿಪೋರ್ಟ್ ಬರೆಯುವಷ್ಟರಲ್ಲಿ ವಾರಗಟ್ಟಲೆ ಕಳೆದುಹೋಗುತ್ತದೆ. ಹನ್ನೆರಡು, ಹದಿನಾಲ್ಕು ಪುಟ ಆಗುತ್ತದೆ. ಅಷ್ಟು ಬರೆದರೂ ಪೋಷಕರು ಕೊನೆಯ ಪುಟ ತೆಗೆದು ‘ಹಂಗಾದ್ರೆ ನಮ್ಮ ಮಗ ದಡ್ಡನಾ ಮೇಡಂ?’ ಅಂತಾರೆ. ಟೀಚರ್‌ಗಳು ಫೈಲಿಗೆ ಹಾಕಿ ಇಡುತ್ತಾರೆ. ಯಾರಿಗಾದರೂ ಉಪಯೋಗ ಆಗುವ ಹಾಗೆ ಬರೆಯೋದು ಹೇಗೆ? ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷಿನಲ್ಲಾ? ಇನ್ನೊಂದು ವಿಷಯ: ‘ಈ ಮಗುವಿಗೆ ನಮ್ಮ ಶಾಲೆ ಸೂಕ್ತ ಅಲ್ಲ ಅಂತ ಬರೆದುಕೊಡಿ’ ಎಂದು ಮ್ಯಾನೇಜ್‌ಮೆಂಟ್‌ನವರು ಕೇಳಿದರೆ ಏನು ಮಾಡಬೇಕು?

ಉತ್ತರ: ನನಗಿರುವ ಅನುಮಾನ ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಇನ್ನೂ ನಿಮ್ಮ ಗೈಡ್‌ಗೆ ರಿಪೋರ್ಟು ಬರೆಯುತ್ತಿದ್ದೀರಿ. ಓದುವಾಗ ನಮಗೆಲ್ಲ ಹಾಗೇ ಅಭ್ಯಾಸ ಮಾಡಿಸಿರುತ್ತಾರೆ. ಯಾವ ಪರೀಕ್ಷೆ ಕೊಟ್ಟೆ, ಯಾವ ಸಬ್‌ಟೆಸ್ಟಿನಲ್ಲಿ ಎಷ್ಟು ಬಂತು, ಆ ಸಬ್‌ಟೆಸ್ಟು ಏನನ್ನು ಅಳೆಯುತ್ತದೆ, ಎಲ್ಲ ಬರೆದರೆ ತಾನೇ ಗೈಡ್ ಸಹಿ ಹಾಕೋದು? ಅಲ್ಲಿ ಅದು ಸರಿ. ಶಾಲೆಯಲ್ಲಿ ಓದುವವರೇ ಬೇರೆ. ಕೆಲಸ ಮುಗಿಸಿ ಸಂಜೆ ಮನೆಗೆ ಬಂದ ತಾಯಿ ಓದುತ್ತಾರೆ. ನಲವತ್ತೈದು ಮಕ್ಕಳ ಕ್ಲಾಸ್ ಟೀಚರ್ ಮಧ್ಯಂತರದಲ್ಲಿ ಓದುತ್ತಾರೆ. ಬರುವ ವರ್ಷದ ಕ್ಲಾಸ್ ಟೀಚರ್ ಜೂನ್‌ನಲ್ಲಿ ಒಮ್ಮೆ ತಿರುವಿ ಹಾಕುತ್ತಾರೆ. ಮಗು ಎಷ್ಟು ಬ್ಲಾಕ್ ಜೋಡಿಸಿತು ಅನ್ನೋದು ಇವರಲ್ಲಿ ಯಾರಿಗೂ ಬೇಡ. ಮಗುವಿಗೆ ಯಾಕೆ ಹೀಗಾಗುತ್ತಿದೆ, ನಾನೇನು ಮಾಡಲಿ, ಇಷ್ಟೇ ಅವರಿಗೆ ಬೇಕಾಗಿರೋದು.

ಹಾಗಾಗಿ ಕೆಲಸ ಶುರುವಾಗುವುದು ರಿಪೋರ್ಟ್ ಬರೆಯುವಾಗ ಅಲ್ಲ, ಮಗುವನ್ನು ನಿಮ್ಮ ಹತ್ತಿರ ಕಳಿಸಿದ ದಿನವೇ. ಕಳಿಸುವ ಚೀಟಿಯಲ್ಲಿ ಸಾಮಾನ್ಯವಾಗಿ ಏನಿರುತ್ತೆ? ‘ಓದಿನಲ್ಲಿ ಹಿಂದೆ’, ‘ಗಮನ ಇಲ್ಲ’. ಅದು ಪ್ರಶ್ನೆ ಅಲ್ಲ, ದೂರು. ದೂರಿಗೆ ಉತ್ತರ ಬರೆಯೋಕೆ ಆಗಲ್ಲ. ಟೀಚರ್ ಹತ್ತಿರ ಹತ್ತು ನಿಮಿಷ ಕೂತು ಕೇಳಿ: ಯಾವ ಪೀರಿಯಡ್‌ನಲ್ಲಿ? ಏನು ಮಾಡಲು ಹೇಳಿದಾಗ? ಆಗ ನೀವು ಏನು ಮಾಡುತ್ತೀರಿ? ಹೀಗೆ ಕೇಳುತ್ತಾ ಹೋದರೆ ‘ಬಾಯಲ್ಲಿ ಚೆನ್ನಾಗಿ ಉತ್ತರ ಹೇಳ್ತಾನೆ, ಬರೆಯೋಕೆ ಕೂತ್ರೆ ಯಾಕೆ ಆಗಲ್ಲ?’ ಎನ್ನುವ ಮಾತು ಹೊರಗೆ ಬರುತ್ತದೆ. ಅದು ಪ್ರಶ್ನೆ. ಅದನ್ನು ಅವರ ಮಾತಿನಲ್ಲೇ ರಿಪೋರ್ಟಿನ ಮೊದಲ ಸಾಲಾಗಿ ಬರೆಯಿರಿ. ಆ ಪ್ರಶ್ನೆಗೆ ಸಂಬಂಧವಿಲ್ಲದ ಪರೀಕ್ಷೆಗಳನ್ನು ಕೊಡುವ ಅಗತ್ಯವೂ ಇರಲ್ಲ. ನಿಮ್ಮ ವಾರಗಟ್ಟಲೆ ಕೆಲಸದಲ್ಲಿ ಅರ್ಧ ಅಲ್ಲೇ ಉಳಿತಾಯ ಆಗುತ್ತದೆ.

ಅಂದಹಾಗೆ, ನಮ್ಮ ವೃತ್ತಿ ಹುಟ್ಟಿದ್ದೂ ಇಂಥದೇ ಒಂದು ಪ್ರಶ್ನೆಯಿಂದ. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಜಗತ್ತಿನ ಮೊದಲ ಮನೋವೈಜ್ಞಾನಿಕ ಕ್ಲಿನಿಕ್ ತೆರೆದರು. ಅಲ್ಲಿಗೆ ಬಂದ ಮೊದಲ ಮಗು ಸ್ಪೆಲ್ಲಿಂಗ್ ಬಾರದ ಒಬ್ಬ ಹುಡುಗ. ಕರೆತಂದವರು ಅವನ ಟೀಚರ್.

ಈಗ ಒಂದು ಉದಾಹರಣೆ ನೋಡೋಣ. ನಿಜವಾದ ಒಂದು ಮಗುವಿನದಲ್ಲ, ಹಲವು ಮಕ್ಕಳನ್ನು ಸೇರಿಸಿ ಮಾಡಿದ್ದು. ಐದನೇ ಕ್ಲಾಸಿನ ಹುಡುಗ. ಮನೆಯಲ್ಲಿ ಲಂಬಾಣಿ, ಬೀದಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್. ನಾವು ಸಾಮಾನ್ಯವಾಗಿ ಬರೆಯೋದು ಹೀಗೆ:

“ಬಾಲಕನನ್ನು ಕಲಿಕಾ ಹಿನ್ನಡೆಯ ದೂರಿನ ಮೇರೆಗೆ ಮೌಲ್ಯಮಾಪನಕ್ಕೆ ಒಳಪಡಿಸಲಾಯಿತು. ಭಾಷಿಕ ಬುದ್ಧಿಲಬ್ಧ (ಐಕ್ಯೂ) 88, ನಿರ್ವಹಣಾ ಬುದ್ಧಿಲಬ್ಧ 101 ಇದ್ದು, ಅಂಕಿಗಳ ಉಪಪರೀಕ್ಷೆಯಲ್ಲಿ ಗಣನೀಯ ಕೊರತೆ ಕಂಡುಬಂದಿರುತ್ತದೆ. ಇದು ಶ್ರವಣ ಸಂಬಂಧಿ ಅಲ್ಪಾವಧಿ ಸ್ಮರಣೆಯ ನ್ಯೂನತೆಯನ್ನು ಸೂಚಿಸುತ್ತದೆ. ಪರಿಹಾರ ಬೋಧನೆಯನ್ನು ಶಿಫಾರಸು ಮಾಡಲಾಗಿದೆ.”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಓದಿ ಯಾರೂ ಏನೂ ಮಾಡಲು ಆಗಲ್ಲ. ಅದೇ ಹುಡುಗನ ಬಗ್ಗೆ ಹೀಗೂ ಬರೆಯಬಹುದು:

“ಕ್ಲಾಸ್ ಟೀಚರ್ ಕೇಳಿದ್ದು: ಬಾಯಲ್ಲಿ ಚೆನ್ನಾಗಿ ಉತ್ತರ ಹೇಳುವ ಹುಡುಗನಿಗೆ ಬರೆಯಲು ಯಾಕೆ ಆಗುವುದಿಲ್ಲ? ವಿಷಯ ಅರ್ಥ ಮಾಡಿಕೊಳ್ಳುವುದರಲ್ಲಿ ಅವನು ತನ್ನ ವಯಸ್ಸಿನ ಮಕ್ಕಳ ಸಮಕ್ಕೇ ಇದ್ದಾನೆ. ಮೂರನೇ ಕ್ಲಾಸಿನ ಒಂದು ಇಂಗ್ಲಿಷ್ ಪಾಠವನ್ನು ನಾನು ಓದಿ ಹೇಳಿದೆ. ಕೇಳಿದ ಐದು ಪ್ರಶ್ನೆಗೂ ಉತ್ತರ ಕೊಟ್ಟ. ಅಷ್ಟೇ ಉದ್ದದ ಇನ್ನೊಂದು ಪಾಠವನ್ನು ಅವನೇ ಓದಿದ. ಆಗ ಒಂದಕ್ಕೆ ಮಾತ್ರ ಉತ್ತರ ಹೇಳಿದ. ಅಕ್ಷರ ಕೂಡಿಸಿ ಪದ ಓದುವುದರಲ್ಲೇ ಗಮನವೆಲ್ಲ ಖರ್ಚಾಗಿ, ಅರ್ಥದ ಕಡೆ ಹೋಗಲು ಏನೂ ಉಳಿಯುವುದಿಲ್ಲ. ಬೋರ್ಡು ನೋಡಿ ಬರೆಯುವಾಗ ಒಂದೊಂದು ಅಕ್ಷರಕ್ಕೂ ತಲೆ ಎತ್ತುತ್ತಾನೆ. ಹತ್ತು ನಿಮಿಷಕ್ಕೆ ಎರಡು ಸಾಲು ಆಯಿತು. ಬೇಕಂತಲೇ ನಿಧಾನ ಮಾಡುತ್ತಿಲ್ಲ.”

ಎರಡನೆಯದರಲ್ಲಿ ಒಂದೇ ಒಂದು ಸ್ಕೋರು ಇಲ್ಲ, ಗಮನಿಸಿದಿರಾ? ಆದರೂ ಅದರ ಹಿಂದೆ ಪರೀಕ್ಷೆಗಳು ಇವೆ. ‘ದಡ್ಡನಾ?’ ಎನ್ನುವ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ತಾಯಿ ಕೊನೆಯ ಪುಟಕ್ಕೆ ಹಾರಿ ತಮ್ಮದೇ ಅರ್ಥ ಹುಡುಕಿಕೊಳ್ಳುವ ಅಗತ್ಯ ಬರಲ್ಲ. ಪೋಷಕರ ಮನಸ್ಸಿನಲ್ಲಿರುವ ಭಯ ಏನು ಅಂತ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಮೊದಲ ಪುಟದಲ್ಲೇ ಎತ್ತಿಕೊಳ್ಳಿ.

ಹಾಗಂತ ಸ್ಕೋರು ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಕೊನೆಗೆ ಒಂದು ಹಾಳೆಯಲ್ಲಿ ಟೇಬಲ್ ಮಾಡಿ ಸೇರಿಸಿ. ನಾಳೆ ಬೇರೆ ಊರಿನ ಮನಶ್ಶಾಸ್ತ್ರಜ್ಞರು ನೋಡಿದರೆ ಅವರಿಗೆ ಬೇಕಾಗುತ್ತದೆ, ಅಂಗವೈಕಲ್ಯದ ಪ್ರಮಾಣಪತ್ರ ಕೊಡುವ ಮೆಡಿಕಲ್ ಬೋರ್ಡ್‌ಗೂ ಬೇಕಾಗುತ್ತದೆ. ರಕ್ತ ಪರೀಕ್ಷೆಯ ಚೀಟಿ ಡಾಕ್ಟರ ಮಾತಿನ ಹಿಂದೆ ಪಿನ್ ಆಗಿರುತ್ತದಲ್ಲ, ಹಾಗೆ.

ಅಂಕಿಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಗೊಂದಲ ಜಾಸ್ತಿ ಆಗೋದು ಇಲ್ಲೇ. ಎಲ್ಲಕ್ಕಿಂತ ಅಪಾಯದ್ದು ಪರ್ಸೆಂಟೈಲ್. 88 ಸ್ಕೋರು ಅಂದರೆ ಹತ್ತಿರಹತ್ತಿರ 21ನೇ ಪರ್ಸೆಂಟೈಲ್. ಆ 21 ನೋಡಿದ ಅಪ್ಪ ‘ನೂರಕ್ಕೆ ಇಪ್ಪತ್ತೊಂದಾ, ಫೇಲಾ!’ ಅಂದುಕೊಳ್ಳುತ್ತಾರೆ. ಮನೆಗೆ ಹೋಗಿ ಟ್ಯೂಷನ್ ಹುಡುಕುತ್ತಾರೆ. ಅದನ್ನೇ ‘ಅವನ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಇಪ್ಪತ್ತು ಮಕ್ಕಳು ಇವನ ಹಿಂದೆ ಇರುತ್ತಾರೆ’ ಎಂದು ಬರೆದರೆ ಯಾರಿಗಾದರೂ ತಿಳಿಯುತ್ತದೆ. ಇನ್ನೊಂದು, ಒಂಟಿ ಅಂಕಿ ಕೊಡಬೇಡಿ. ಐಕ್ಯೂ 92 ಅಂತ ಬರೆದರೆ ಅದು ಮಗುವಿನ ಹಣೆಗೆ ಅಂಟಿಕೊಂಡ ಹಾಗೆ. ಯಾವ ಪರೀಕ್ಷೆಯೂ ಅಷ್ಟು ಕರಾರುವಾಕ್ಕಾಗಿ ಅಳೆಯುವುದಿಲ್ಲ. ಬೇರೆ ದಿನ ಕೊಟ್ಟಿದ್ದರೆ ಕೆಲವು ಅಂಕ ಆಚೀಚೆ ಆಗುತ್ತಿತ್ತು. ‘85ರಿಂದ 99ರ ನಡುವೆ, ಅಂದರೆ ಸಾಮಾನ್ಯ ಮಟ್ಟ’ ಎಂಬಂತೆ ವ್ಯಾಪ್ತಿ ಕೊಡಿ. ವ್ಯಾಪ್ತಿ ಎಷ್ಟು ಅನ್ನುವುದನ್ನು ಆಯಾ ಪರೀಕ್ಷೆಯ ಕೈಪಿಡಿ ನೋಡಿಯೇ ಹಾಕಬೇಕು.

ನಾವು ಬಳಸುವ ಪರೀಕ್ಷೆಗಳ ವಯಸ್ಸನ್ನೂ ಮರೆಯಬಾರದು. ವಿ.ವಿ. ಕಾಮತ್ ಅವರು ಬಿನೆ ಎಂಬ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದ್ದು 1930ರ ದಶಕದಲ್ಲಿ. ನಮ್ಮ ಭಾಷೆಯ ಮಕ್ಕಳಿಗೆ ಅಷ್ಟು ಹಿಂದೆಯೇ ಒಂದು ಪರೀಕ್ಷೆ ಸಿಕ್ಕಿತ್ತು ಅನ್ನೋದು ಹೆಮ್ಮೆಯ ವಿಷಯ. ಮಾಲಿನ್ ಅವರು ಭಾರತದ ಮಕ್ಕಳಿಗೆ ಒಗ್ಗಿಸಿದ ಬುದ್ಧಿ ಪರೀಕ್ಷೆ ಮಿಸಿಕ್ 1969ರದು. ಎರಡೂ ಇವತ್ತಿಗೂ ನಮ್ಮ ಕಪಾಟಿನಲ್ಲಿವೆ. ಆದರೆ ಅಷ್ಟು ಹಿಂದಿನ ಮಕ್ಕಳ ಜೊತೆ ಇವತ್ತಿನ ಮಗುವನ್ನು ಹೋಲಿಸಿದರೆ ಸ್ಕೋರು ಸ್ವಲ್ಪ ಜಾಸ್ತಿ ಬರುವ ಸಾಧ್ಯತೆ ಇದೆ. ‘ಈ ಪರೀಕ್ಷೆಯ ಮಾನದಂಡ ಹಳೆಯದು, ಅಂಕಿಯನ್ನು ಅಂದಾಜು ಎಂದೇ ಓದಿ’ ಎಂದು ಒಂದು ಸಾಲು ಹಾಕಿದರೆ ನಿಮ್ಮ ಮರ್ಯಾದೆ ಕಮ್ಮಿ ಆಗಲ್ಲ.

ಭಾಷೆಯ ವಿಷಯ ನಮ್ಮ ರಿಪೋರ್ಟುಗಳಲ್ಲಿ ತೀರಾ ಕಡೆಗಣಿಸಿದ ಭಾಗ. ಮಗುವಿಗೆ ಪರೀಕ್ಷೆ ಕೊಟ್ಟಿದ್ದು ಯಾವ ಭಾಷೆಯಲ್ಲಿ? ಸೂಚನೆ ಕನ್ನಡದಲ್ಲಿ ಹೇಳಿದಿರಾ, ಉತ್ತರ ಯಾವ ಭಾಷೆಯಲ್ಲಿ ಬಂತು? ಮೇಲಿನ ಲಂಬಾಣಿ ಹುಡುಗನ 88 ಬಂದಿದ್ದು ಪದ, ತಿಳಿವಳಿಕೆ, ಮಾತು ಕೇಳುವ ಪರೀಕ್ಷೆಗಳಲ್ಲಿ. ಮೂರನೇ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಬುದ್ಧಿ ಅಂತ ಓದಬೇಕಾ, ಭಾಷೆ ಅಂತ ಓದಬೇಕಾ? ಇದನ್ನು ರಿಪೋರ್ಟಿನಲ್ಲಿ ಬಿಡಿಸಿ ಹೇಳದಿದ್ದರೆ ಮಗುವಿಗೆ ಅನ್ಯಾಯ.

ಕನ್ನಡ ಓದುವಿಕೆಗೂ ಇಂಗ್ಲಿಷ್ ಅಳತೆಗೋಲು ಹಿಡಿಯಬೇಡಿ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕಲಿಯಬೇಕಾದ ಅಕ್ಷರಗಳು ನೂರಾರು. ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಮಕ್ಕಳು ನಾಲ್ಕನೇ ಕ್ಲಾಸಿನವರೆಗೂ ಅಕ್ಷರ ಕಲಿಯುತ್ತಲೇ ಇರುತ್ತಾರೆ ಎನ್ನುವುದು ಕಂಡುಬಂತು. ಅಂದಮೇಲೆ ಎರಡನೇ ಕ್ಲಾಸಿನ ಮಗು ‘ಅಜ್ಜ’ವನ್ನು ‘ಅಜ’ ಎಂದು ಬರೆದರೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದ ಕಲಿಕಾ ನ್ಯೂನತೆ, ಎಂದು ಓಡಬೇಕಾಗಿಲ್ಲ. ಆರನೇ ಕ್ಲಾಸಿನಲ್ಲೂ ಬಿಡದೆ ಒತ್ತು ತಪ್ಪಿಸುತ್ತಿದ್ದರೆ, ದೀರ್ಘ ಬಿಡುತ್ತಿದ್ದರೆ ಅದು ಬೇರೆ ಮಾತು. ತಪ್ಪುಗಳನ್ನು ಎಣಿಸಿ ಬಿಡಬೇಡಿ, ಯಾವ ಬಗೆಯವು ಅಂತ ಬರೆಯಿರಿ. ‘ಉಕ್ತಲೇಖನದಲ್ಲಿ 20ಕ್ಕೆ 7’ ಎನ್ನುವುದು ಟೀಚರ್‌ಗೆ ಈಗಾಗಲೇ ಗೊತ್ತಿರುವ ವಿಷಯ. ‘ಒತ್ತಕ್ಷರ ಇಲ್ಲದ ಪದಗಳಲ್ಲಿ ತಪ್ಪೇ ಇಲ್ಲ, ಒತ್ತಕ್ಷರ ಬಂದಲ್ಲೆಲ್ಲ ತಪ್ಪು’ ಅಂದರೆ ಅವರಿಗೆ ನಾಳೆಯ ಪಾಠ ಸಿಕ್ಕಿತು. ಕನ್ನಡದಲ್ಲಿ ಪರೀಕ್ಷಿಸಲು ಸಾಧನವೇ ಇಲ್ಲ ಎನ್ನುವ ನೆಪ ಬೇಡ. ಡಿಸ್ಲೆಕ್ಸಿಯಾ ಗುರುತಿಸಲೆಂದು ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಮಾಡಿದ ಡಾಲಿ ಪರೀಕ್ಷೆ 2015ರಿಂದ ಕನ್ನಡದಲ್ಲೂ ಇದೆ.

ಈಗ ಶಿಫಾರಸುಗಳಿಗೆ ಬರೋಣ. ಹೆಚ್ಚಿನ ರಿಪೋರ್ಟುಗಳು ಸೋಲುವುದು ಇಲ್ಲಿ. ‘ಪರಿಹಾರ ಬೋಧನೆ ನೀಡುವುದು. ಗಮನ ಹೆಚ್ಚಿಸುವ ಚಟುವಟಿಕೆ ಮಾಡಿಸುವುದು. ಪೋಷಕರು ಪ್ರೋತ್ಸಾಹಿಸುವುದು. ಮುಂದಿನ ಬೆಂಚಿನಲ್ಲಿ ಕೂರಿಸುವುದು.’ ಯಾವ ಮಗುವಿನ ಹೆಸರು ಹಾಕಿದರೂ ನಡೆಯುತ್ತದೆ. ಮುಂದಿನ ಬೆಂಚಿನ ಶಿಫಾರಸು ಪಾಲಿಸಿದರೆ ಕ್ಲಾಸಿನ ಅರ್ಧ ಮಕ್ಕಳು ಮುಂದಿನ ಬೆಂಚಿನಲ್ಲೇ ಇರಬೇಕಾಗುತ್ತೆ. ಮಗುವಿಗೆ ಬೋರ್ಡ್ ಕಾಣದಿದ್ದರೆ ಆ ಮಾತಿಗೆ ಅರ್ಥ ಇದೆ. ಅಂದಹಾಗೆ, ಕಣ್ಣು ಮತ್ತು ಕಿವಿ ಪರೀಕ್ಷೆ ಆಗಿದೆಯಾ ಅಂತ ಮೊದಲೇ ಕೇಳಿ, ರಿಪೋರ್ಟಿನಲ್ಲಿ ದಾಖಲಿಸಿ. ಇದು ಆಗದೆ ಇನ್ನೇನು ಬರೆದರೂ ಬೇಸ್‌ಮೆಂಟ್ ಇಲ್ಲ.

ಮೂರು ಸಾಕು, ಹೆಚ್ಚೆಂದರೆ ನಾಲ್ಕು. ಯಾರು, ಯಾವಾಗ, ಎಷ್ಟು ಅನ್ನೋದು ಪ್ರತಿಯೊಂದರಲ್ಲೂ ಇರಲಿ. ನಮ್ಮ ಹುಡುಗನಿಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ಸಮಾಜ ವಿಜ್ಞಾನ ಮತ್ತು ವಿಜ್ಞಾನದ ನೋಟ್ಸ್ ಬೋರ್ಡಿನಿಂದ ಬರೆಸುವ ಬದಲು ಕ್ಲಾಸ್ ಟೀಚರ್ ಜೆರಾಕ್ಸ್ ಕೊಡಲಿ, ಅವನು ಮುಖ್ಯ ಪದಗಳಿಗೆ ಮಾತ್ರ ಗೆರೆ ಎಳೆಯಲಿ. ಎಲ್ಲರೆದುರು ಗಟ್ಟಿಯಾಗಿ ಓದಿಸುವುದಾದರೆ ಯಾವ ಪ್ಯಾರಾ ಅಂತ ಹಿಂದಿನ ದಿನವೇ ಅವನಿಗೆ ಹೇಳಿರಲಿ. ಕನ್ನಡ ಟೀಚರ್ ವಾರಕ್ಕೆ ಮೂರು ದಿನ ಹತ್ತು ನಿಮಿಷ ಒತ್ತಕ್ಷರದ ಪದಗಳನ್ನು ಓದಿಸಲಿ, ಒಂದು ವಾರಕ್ಕೆ ಒಂದೇ ಒತ್ತು. ಯೂನಿಟ್ ಟೆಸ್ಟಿನಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ. ದಸರಾ ರಜೆ ಮುಗಿದ ಮೇಲೆ ನಾನು, ಟೀಚರ್, ತಾಯಿ ಸೇರಿ ನೋಡುತ್ತೇವೆ.

ಇದನ್ನು ಒಬ್ಬರೇ ಕೂತು ಬರೆಯಬೇಡಿ. ‘ಜೆರಾಕ್ಸ್ ಕೊಡೋಕೆ ಆಗುತ್ತಾ ಮಿಸ್?’ ಅಂತ ಕೇಳಿ. ‘ಆಗಲ್ಲ, ಆದ್ರೆ ಪಕ್ಕದ ಹುಡುಗಿ ನೋಟ್ಸಿನ ಫೋಟೋ ತಾಯಿಗೆ ಕಳಿಸಬಹುದು’ ಅಂತ ಅವರೇ ದಾರಿ ಹೇಳುತ್ತಾರೆ. ಅದನ್ನೇ ಬರೆಯಿರಿ. ತಮ್ಮ ಮಾತು ರಿಪೋರ್ಟಿನಲ್ಲಿ ಕಂಡರೆ ಆ ರಿಪೋರ್ಟು ಫೈಲಿಗೆ ಅಷ್ಟು ಬೇಗ ಹೋಗಲ್ಲ.

ಬಿಡಬೇಕಾದದ್ದೂ ಇದೆ. ಅಪ್ಪ ಕುಡಿಯುತ್ತಾರೆ, ಅಮ್ಮ ತವರಿನಲ್ಲಿದ್ದಾರೆ, ಅಜ್ಜಿಗೆ ಮಾನಸಿಕ ಕಾಯಿಲೆ ಇತ್ತು: ಇಂಟರ್‌ವ್ಯೂನಲ್ಲಿ ತಾಯಿ ನಂಬಿ ಹೇಳಿದ್ದೆಲ್ಲ ನಾವು ‘ಕೌಟುಂಬಿಕ ಹಿನ್ನೆಲೆ’ ಎಂದು ಇಳಿಸಿಬಿಡುತ್ತೇವೆ. ಆ ಹಾಳೆ ಅಟೆಂಡರ್ ಕೈಯಿಂದ ಆಫೀಸಿಗೆ, ಅಲ್ಲಿಂದ ಸ್ಟಾಫ್ ರೂಮಿಗೆ, ಯಾರದೋ ಫೋನಿನಲ್ಲಿ ಫೋಟೋ ಆಗಿ ವಾಟ್ಸಾಪ್ ಗ್ರೂಪಿಗೆ ಹೋಗಲು ಎಷ್ಟು ಹೊತ್ತು? ಓದುವ ಕಷ್ಟಕ್ಕೆ ಅದು ಬೇಕಾಗಿದ್ದರೆ ‘ಈ ವರ್ಷ ಮನೆಯಲ್ಲಿ ಕೆಲವು ಬದಲಾವಣೆ ಆಗಿವೆ, ಸಂಜೆ ಓದಿಸಲು ಯಾರೂ ಇರುವುದಿಲ್ಲ’ ಅಂದರೆ ಸಾಕು. ಉಳಿದದ್ದು ನಿಮ್ಮ ಬೀರುವಿನಲ್ಲಿ ಬೀಗ ಹಾಕಿದ ನೋಟ್ಸಿನಲ್ಲಿ ಇರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಗೌಪ್ಯತೆ ಒಂದು ಹಕ್ಕು. ಪರೀಕ್ಷೆಯ ಪ್ರಶ್ನೆಗಳನ್ನೂ ಇದ್ದ ಹಾಗೆ ರಿಪೋರ್ಟಿನಲ್ಲಿ ಉದ್ಧರಿಸಬೇಡಿ. ಮುಂದಿನ ಮಗುವಿಗೆ ಮನೆಯಲ್ಲೇ ಉತ್ತರ ಕಲಿಸಿ ಕಳಿಸುತ್ತಾರೆ.

ಚಿತ್ರ ಬರೆಸಿ ಮನಸ್ಸು ಓದುವ ಅಭ್ಯಾಸದ ಬಗ್ಗೆ ನನಗೆ ಮೊದಲಿಂದಲೂ ತಕರಾರು. ಮಗು ಬಿಡಿಸಿದ ಮನುಷ್ಯನಿಗೆ ಕೈ ಇಲ್ಲ, ಆದ್ದರಿಂದ ಅಭದ್ರತೆ. ಮನೆಗೆ ಕಿಟಕಿ ಇಲ್ಲ, ಆದ್ದರಿಂದ ಒಂಟಿತನ. ಇದಕ್ಕೆ ಗಟ್ಟಿ ಆಧಾರ ಇಲ್ಲ. ಚಿತ್ರ ಬಿಡಿಸುತ್ತಾ ಮಗು ಆಡಿದ ಮಾತು ಬರೆಯಿರಿ, ಅದು ಬೇಕು. ಹಾಗೇ ‘ಹಠಮಾರಿ’, ‘ಆಸಕ್ತಿ ಇಲ್ಲ’ ಎಂಬ ಪದಗಳೂ ಬೇಡ. ‘ಮೂರನೇ ಲೆಕ್ಕಕ್ಕೆ ಪೆನ್ಸಿಲ್ ಕೆಳಗಿಟ್ಟು, ಸಾಕು ಅಂದ’ ಎಂದು ಬರೆದರೆ ಓದುವವರೇ ಅರ್ಥ ಮಾಡಿಕೊಳ್ಳುತ್ತಾರೆ. ಈ ಭಾಗವನ್ನು ಮಾತ್ರ ಅವತ್ತು ಸಂಜೆಯೇ ಬರೆದಿಡಿ, ನಾಳೆಗೆ ನೆನಪಿರಲ್ಲ.

ಹಳೆಯ ರಿಪೋರ್ಟಿನ ಮೇಲೇ ಹೊಸದನ್ನು ತುಂಬುವುದು ಎಲ್ಲರೂ ಮಾಡುವ ಕೆಲಸ. ಕನ್ನಡದಲ್ಲಿ ಅದು ಬೇಗ ಸಿಕ್ಕಿಬೀಳುತ್ತದೆ. ಹುಡುಗನ ರಿಪೋರ್ಟಿನ ನಡುವೆ ‘ನಿಧಾನವಾಗಿ ಓದುತ್ತಾಳೆ’ ಅಂತ ಒಂದು ಸಾಲು ಉಳಿದರೆ ಸಾಕು, ಆ ತಾಯಿ ಇನ್ನುಳಿದ ಯಾವ ಸಾಲನ್ನೂ ನಂಬಲ್ಲ. ಖಾಲಿ ನಮೂನೆಯಿಂದ ಶುರು ಮಾಡಿ.

ಕನ್ನಡವೋ ಇಂಗ್ಲಿಷೋ ಎಂದು ಕೇಳಿದ್ದೀರಿ. ಮನೆಯವರು ಓದುವ ಭಾಷೆಯಲ್ಲಿ ಎರಡು ಪುಟ, ಅದೇ ನಿಮ್ಮ ಮುಖ್ಯ ರಿಪೋರ್ಟು. ದಾವಣಗೆರೆಯಲ್ಲಿ ಅದು ಹೆಚ್ಚಾಗಿ ಕನ್ನಡವೇ ಆಗಿರುತ್ತದೆ, ಅಲ್ವಾ? ಮೆಡಿಕಲ್ ಬೋರ್ಡ್‌ಗೆ, ಆಸ್ಪತ್ರೆಗೆ ಬೇಕಾದ ವಿವರ ಮತ್ತು ಸ್ಕೋರಿನ ಹಾಳೆ ಇಂಗ್ಲಿಷಿನಲ್ಲಿ ಇರಲಿ. ಎರಡೂ ಸೇರಿ ಆರು ಪುಟ ದಾಟುವ ಕಾರಣ ನನಗೆ ಕಾಣಲ್ಲ. ಓದಲು ಬಾರದ ಪೋಷಕರೂ ಇರುತ್ತಾರೆ. ಅವರಿಗೆ ಕೂರಿಸಿ ಹೇಳಿ. ಓದುವವರಿಗೂ ಅಷ್ಟೇ, ಕಾಗದ ಕೈಗೆ ಕೊಡುವ ಮುಂಚೆ ಬಾಯಲ್ಲಿ ಹೇಳಿರಬೇಕು. ಮಗನ ಬಗ್ಗೆ ದೊಡ್ಡ ವಿಷಯವೊಂದನ್ನು ಯಾರೂ ಬಸ್ ಸ್ಟ್ಯಾಂಡಿನಲ್ಲಿ ಕವರ್ ಹರಿದು ತಿಳಿದುಕೊಳ್ಳುವ ಹಾಗಾಗಬಾರದು.

ರಿಪೋರ್ಟಿಗೂ ಸರ್ಟಿಫಿಕೇಟಿಗೂ ಇರುವ ವ್ಯತ್ಯಾಸವನ್ನೂ ಅವತ್ತೇ ಹೇಳಿಬಿಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿ ಒಂದು. ಆದರೆ ಪ್ರಮಾಣಪತ್ರ ಕೊಡುವುದು ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರ, ಶಾಲೆ ಅಲ್ಲ. ಅದಕ್ಕೆಂದು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಕಲಿಕಾ ನ್ಯೂನತೆಗೆ ನಿಮ್ಹಾನ್ಸ್ ಬ್ಯಾಟರಿಯನ್ನು, ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪರೀಕ್ಷೆಗಳ ಗುಚ್ಛವನ್ನು, ಹೆಸರಿಸಿತ್ತು. ನಿಮಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದ್ದರೆ ಸಹಿಯ ಕೆಳಗೆ ಸಂಖ್ಯೆ ಹಾಕಿ. ಇಲ್ಲದಿದ್ದರೆ ರೋಗನಿರ್ಣಯದ ಹೆಸರು ಬರೆಯಲು ಹೋಗಬೇಡಿ. ಕಂಡದ್ದನ್ನು ಬರೆದು, ‘ಹೆಚ್ಚಿನ ಪರೀಕ್ಷೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸುವುದು’ ಎಂದು ನಿಲ್ಲಿಸಿ. ಎಸ್ಸೆಸ್ಸೆಲ್ಸಿಗೆ ಹೆಚ್ಚುವರಿ ಸಮಯ, ಲಿಪಿಕಾರರ (ಹೇಳಿದ್ದನ್ನು ಬರೆದುಕೊಡುವವರ) ಸೌಲಭ್ಯ ಬೇಕಾದವರಿಗೆ ಹತ್ತನೇ ಕ್ಲಾಸಿನ ಡಿಸೆಂಬರ್‌ನಲ್ಲಿ ಎಚ್ಚರ ಆದರೆ ಪ್ರಯೋಜನ ಇಲ್ಲ. ಎಂಟನೇ ಕ್ಲಾಸಿನಲ್ಲೇ ರಿಪೋರ್ಟಿನಲ್ಲಿ ಬರೆಯಿರಿ, ಬಾಯಲ್ಲೂ ಹೇಳಿ.

ಕೊನೆಗೆ ಮ್ಯಾನೇಜ್‌ಮೆಂಟ್ ವಿಷಯ. ‘ನಮ್ಮ ಶಾಲೆಗೆ ಸೂಕ್ತ ಅಲ್ಲ’ ಎಂದು ಬರೆದುಕೊಡಬೇಡಿ. ನೀವು ಪರೀಕ್ಷಿಸಿದ್ದು ಮಗುವನ್ನು, ಶಾಲೆಯನ್ನಲ್ಲ. ಅದೇ 2016ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕು, ಬೇಕಾದ ಅನುಕೂಲ ಮಾಡಿಕೊಡಬೇಕು. ಇದನ್ನು ಕಾನೂನಿನ ಬೆದರಿಕೆಯಾಗಿ ಹೇಳಬೇಕಿಲ್ಲ. ‘ಸರ್, ಆ ವಾಕ್ಯ ನನ್ನ ಸಹಿಯ ಮೇಲೆ ಇದ್ದರೆ ನಾಳೆ ಪೋಷಕರು ಪ್ರಶ್ನೆ ಮಾಡಿದಾಗ ಉತ್ತರ ಶಾಲೆಯೇ ಕೊಡಬೇಕಾಗುತ್ತೆ. ಅದರ ಬದಲು ಮಗುವಿಗೆ ಏನೇನು ಬೇಕು ಅಂತ ಬರೆಯುತ್ತೇನೆ, ಅದರಲ್ಲಿ ನಮ್ಮಿಂದ ಆಗೋದು ಯಾವುದು ಅಂತ ನೋಡೋಣ’ ಅನ್ನಿ. ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ. ಬಾಯಿಮಾತಿನಲ್ಲಿ ಒತ್ತಾಯ ಮುಂದುವರಿದರೆ, ‘ಕೋರಿಕೆಯನ್ನು ಇಮೇಲ್‌ನಲ್ಲಿ ಕಳಿಸಿ ಸರ್’ ಎಂದು ಕೇಳಿ. ಆ ಇಮೇಲ್ ಬರುವ ಸಾಧ್ಯತೆ ಬಹಳ ಕಡಿಮೆ.